ತಂತ್ರಾಲೋಕದ ಪಾಠ ಹೇಳಿದವರು: ಕಾಶ್ಮೀರದ ಸ್ವಾಮಿ ಲಕ್ಷ್ಮಣಜೂ

ಅಭಿನವಗುಪ್ತಪಾದರ ಹೆಸರು ಕನ್ನಡದ ವಾಚಕರಿಗೆ ಅಪರಿಚಿತವಾದುದಲ್ಲ. ಆದರೆ ಆ ಪರಿಚಯವು ಬಹುಮಟ್ಟಿಗೆ ಕಾವ್ಯಮೀಮಾಂಸೆಯ ಬಾಗಿಲಿನಿಂದ ಬಂದುದು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯು 1953ರಲ್ಲಿ ಪ್ರಕಟವಾದಂದಿನಿಂದ ಕನ್ನಡವನ್ನು ಶಾಸ್ತ್ರೀಯವಾಗಿ ವ್ಯಾಸಂಗ ಮಾಡಿದವರೆಲ್ಲರೂ ಅವರನ್ನು ರಸಸೂತ್ರದ ವ್ಯಾಖ್ಯಾನಕಾರರೆಂದು ಬಲ್ಲರು. ಧಾರವಾಡದ ಡಾ. ಕೆ. ಕೃಷ್ಣಮೂರ್ತಿಯವರ ಧ್ವನ್ಯಾಲೋಕದ ಕೆಲಸವೂ ಆ ಅರಿವನ್ನು ಬೆಳೆಸಿತು. ಇದೇ ಆಚಾರ್ಯರು 37 ಆಹ್ನಿಕಗಳ ತಂತ್ರಾಲೋಕವನ್ನು ರಚಿಸಿದ ಶೈವಗುರುಗಳೆಂಬ ಸಂಗತಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಬಾರದಿದ್ದುದಕ್ಕೆ ನಮ್ಮವರ ಅಲಕ್ಷ್ಯವೊಂದನ್ನೇ ದೂರುವಂತಿಲ್ಲ. ತಂತ್ರಾಲೋಕವು ಕೈಗೆ ಸಿಕ್ಕಿದರೂ ಬುದ್ಧಿಗೆ ಸುಲಭವಾಗಿ ನಿಲುಕದ ಗ್ರಂಥ. ಪಂಕ್ತಿ ಹಿಡಿದು ಅದರ ಪಾಠ ಹೇಳಬಲ್ಲವರು ಕಳೆದ ಶತಮಾನದಲ್ಲಿ ತೀರ ವಿರಳವಾಗಿದ್ದರು. ಆ ವಿರಳರಲ್ಲಿ ಅಗ್ರಗಣ್ಯರು, ಶ್ರೀನಗರದ ದಾಲ್ ಸರೋವರದ ತೀರದಲ್ಲಿ, ನಿಶಾತ್ ಉದ್ಯಾನದ ಸಮೀಪದ ಈಶಬರದಲ್ಲಿ ನೆಲೆಸಿದ್ದ ಸ್ವಾಮಿ ಲಕ್ಷ್ಮಣಜೂ. ‘ಜೂ’ ಎಂಬುದು ಕಾಶ್ಮೀರಿ ಭಾಷೆಯಲ್ಲಿ ಹಿರಿಯರ ಹೆಸರಿಗೆ ಹಚ್ಚುವ ಗೌರವವಾಚಕ. ಹಿಂದಿಯವರ ‘ಜೀ’ ಇದ್ದಂತೆ.

ಅವರ ಚರಿತ್ರೆಯನ್ನು ಹೇಳುವ ಮುನ್ನ ಅವರಿಗೆ ಯಾವುದು ಪರಂಪರೆಯಾಗಿ ದೊರೆಯಿತು, ಯಾವುದು ದೊರೆಯಲಿಲ್ಲ ಎಂಬುದನ್ನು ತಿಳಿಯುವುದು ಯುಕ್ತ. ತಂತ್ರಾಲೋಕವು ಶೈವಸಂತತಿಗಳನ್ನು ಎಣಿಸುವಾಗ ‘ಮಠಿಕೆ’ ಎಂಬ ಶಬ್ದವನ್ನು ಬಳಸುತ್ತದೆ. ತ್ರ್ಯಂಬಕ, ಆಮರ್ದಕ, ಶ್ರೀನಾಥ ಎಂಬ ಮೂರು, ತ್ರ್ಯಂಬಕರ ಮಗಳಿಂದ ನಡೆದುಬಂದ ಅರ್ಧತ್ರ್ಯಂಬಕವೊಂದು, ಹೀಗೆ ಮೂರೂವರೆ ಮಠಿಕೆಗಳು. ಹೆಸರು ಮಠಿಕೆಯಾದರೂ ನಮ್ಮ ಕಣ್ಣೆದುರಿಗಿರುವಂತಹ ಮಠಸಂಸ್ಥೆ ಕಾಶ್ಮೀರದ ತ್ರಿಕಸಂಪ್ರದಾಯಕ್ಕೆ ಒದಗಿಬರಲಿಲ್ಲ. ಅದು ಮುಖ್ಯವಾಗಿ ಗೃಹಸ್ಥ ಪಂಡಿತರ ಮನೆಗಳಲ್ಲಿ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ವಿದ್ಯೆ. ಪೀಠವಿಲ್ಲ, ಪಟ್ಟವಿಲ್ಲ, ಭೂಮಿಕಾಣಿಯಿಲ್ಲ, ಪಾಠಶಾಲೆಯಿಲ್ಲ. 9ನೆಯ ಶತಮಾನದ ವಸುಗುಪ್ತರಿಂದ 13ನೆಯ ಶತಮಾನದ ಜಯರಥರವರೆಗೆ ಸುಮಾರು 400 ವರ್ಷ ಈ ವಿದ್ಯೆ ವಿಜೃಂಭಿಸಿತು. ಸೋಮಾನಂದ, ಉತ್ಪಲದೇವ, ಅಭಿನವಗುಪ್ತ, ಕ್ಷೇಮರಾಜರು ಒಬ್ಬರ ಹಿಂದೆ ಒಬ್ಬರು ಬಂದರು. ಅನಂತರ ರಾಜಾಶ್ರಯವು ತಪ್ಪಿತು, ಕಾಲವೂ ಬದಲಾಯಿತು. 14ನೆಯ ಶತಮಾನದ ಲಲ್ಲೇಶ್ವರಿಯ ವಾಖ್‌ಗಳಲ್ಲಿ ಶಿವಾನುಭವವು ಆಡುಮಾತಿನಲ್ಲಿ ಹೊಮ್ಮಿತು. (ಆ ತಾಯಿಯ ವಾಣಿಯನ್ನು ಕೇಳಿದಾಗ ನಮ್ಮವರಿಗೆ ಅಕ್ಕಮಹಾದೇವಿ ನೆನಪಾಗುವುದು ಸಹಜ.) ಶಾಸ್ತ್ರದ ಪಾಠ ಮಾತ್ರ ಕೆಲವೇ ಮನೆಗಳಿಗೆ ಸಂಕೋಚಗೊಂಡಿತು. ವಿಧಿವತ್ತಾದ ದೀಕ್ಷಾಕರ್ಮವು ಬಹುಮಟ್ಟಿಗೆ ಲುಪ್ತವಾಗಿ, ಜ್ಞಾನವೂ ಯೋಗವೂ ಅಷ್ಟಿಷ್ಟು ಉಳಿದವು.

ಇಂತಹ ಸ್ಥಿತಿಯಲ್ಲಿ ಮುದ್ರಣಾಲಯವು ಬಂದಿತು. ಜರ್ಮನ್ ವಿದ್ವಾಂಸ ಬ್ಯೂಲರರು 1875ರಲ್ಲಿ ಕಾಶ್ಮೀರದಲ್ಲಿ ಹಸ್ತಪ್ರತಿಗಳನ್ನು ಶೋಧಿಸಿ 1877ರಲ್ಲಿ ವರದಿಯನ್ನು ಪ್ರಕಟಿಸಿದರು. ಮಹಾರಾಜಾ ಪ್ರತಾಪಸಿಂಹರ ಆಶ್ರಯದಲ್ಲಿ 1911ರಲ್ಲಿ ಕಾಶ್ಮೀರ ಸಂಸ್ಕೃತ ಗ್ರಂಥಾವಳಿಯು ಪ್ರಾರಂಭವಾಯಿತು. ಅದರಲ್ಲಿಯೇ ಜಯರಥರ ವ್ಯಾಖ್ಯೆಯೊಡನೆ ತಂತ್ರಾಲೋಕವು 1918ರಿಂದ 1938ರವರೆಗೆ 12 ಸಂಪುಟಗಳಾಗಿ ಹೊರಬಂದಿತು. ಮುಕುಂದರಾಮ ಶಾಸ್ತ್ರಿಗಳು, ಮಧುಸೂದನ ಕೌಲ ಶಾಸ್ತ್ರಿಗಳು ಆ ಪುಣ್ಯಕಾರ್ಯದಲ್ಲಿ ದುಡಿದವರು. ಗ್ರಂಥವೇನೋ ಲೋಕದ ಕೈಗೆ ಬಂದಿತು. ಆದರೆ ಗುರುಮುಖದಿಂದ ಕೇಳಿದವನಿಗಾಗಿಯೇ ಬರೆದ ಗ್ರಂಥ ಅದು. ಒಂದು ಪದದಲ್ಲಿ ಒಂದು ಸಾಧನೆಯನ್ನೇ ಅಡಗಿಸಿಟ್ಟು ಮುಂದೆ ಹೋಗುವ ಶೈಲಿ ಅದರದು. ಮುದ್ರಣದೋಷಗಳೂ ಅಲ್ಲಲ್ಲಿ ಸೇರಿಕೊಂಡಿದ್ದವು. ಗ್ರಂಥವು ಲೋಕದ ಕೈಗೆ ಬರುತ್ತಿದ್ದ ವರ್ಷಗಳಲ್ಲಿಯೇ ಅದನ್ನು ಅರ್ಥೈಸುವ ಕಂಠಗಳು ಒಂದೊಂದಾಗಿ ಅಡಗುತ್ತಿದ್ದವು.

ಲಕ್ಷ್ಮಣಜೂ ಅವರು ಜನಿಸಿದುದು 1907ರ ಮೇ 9ರಂದು, ಶ್ರೀನಗರದಲ್ಲಿ. ತಂದೆ ನಾರಾಯಣದಾಸ ರೈನಾ ಅವರು ಕಾಶ್ಮೀರದ ದೋಣಿಮನೆಗಳ ಉದ್ಯಮದಲ್ಲಿ ಹೆಸರಾದವರು. ತಾಯಿ ಅರಣ್ಯಮಾಲಿ. ಮನೆತನದ ಗುರುಗಳು ಸ್ವಾಮಿ ರಾಮರು, ಆ ಕಾಲದ ಶ್ರೇಷ್ಠ ಶೈವಸಿದ್ಧರು. ಶಿಶು ಜನಿಸಿದಾಗ ಅವರು, ತಾವು ರಾಮನಾದುದರಿಂದ ಈತನು ಲಕ್ಷ್ಮಣನಾಗಲಿ ಎಂದು ಹೆಸರಿಟ್ಟರೆಂದು ಶಿಷ್ಯರು ಹೇಳುತ್ತಾರೆ. ಬಾಲಕನು ಇನ್ನೂ ಚಿಕ್ಕವನಾಗಿದ್ದಾಗಲೇ ಸ್ವಾಮಿ ರಾಮರು ದೇಹವನ್ನು ಬಿಟ್ಟರು. ಅವರ ಶಿಷ್ಯರಾದ ಸ್ವಾಮಿ ಮಹತಾಬಕಾಕರು ಆತನಿಗೆ ಗುರುಗಳಾದರು. ಸಂಸ್ಕೃತವನ್ನೂ ಶೈವಶಾಸ್ತ್ರವನ್ನೂ ಪಂಡಿತ ಮಹೇಶ್ವರ ರಾಜದಾನರು ಕಲಿಸಿದರು. ಸಾಧನೆಗೆ ಒಬ್ಬರು, ಶಾಸ್ತ್ರಕ್ಕೆ ಒಬ್ಬರು ಎಂಬ ಈ ಇಬ್ಬಗೆಯ ಶಿಕ್ಷಣವು ಅವರ ಬದುಕಿನ ಮುದ್ರೆಯಾಯಿತೆಂದು ನಮಗೆ ತೋರುತ್ತದೆ. ಯೋಗವನ್ನು ಬಲ್ಲವರು ಶಾಸ್ತ್ರವನ್ನು ಹಗುರಾಗಿ ಕಾಣುವುದೂ, ಶಾಸ್ತ್ರಿಗಳು ಯೋಗವನ್ನು ಬರಿಯ ಟೀಕೆಯ ವಿಷಯವಾಗಿ ಎಣಿಸುವುದೂ ಎಲ್ಲ ಸಂಪ್ರದಾಯಗಳಲ್ಲಿ ಕಂಡುಬರುವ ರೋಗ. ಲಕ್ಷ್ಮಣಜೂ ಅವರಿಗೆ ಅದು ತಾಗಲಿಲ್ಲ.

ತಾರುಣ್ಯದ ಹೊಸ್ತಿಲಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಅವರು ಮನೆಯನ್ನು ಬಿಟ್ಟು ಹಂದವಾರಾ ಸೀಮೆಯ ಸಾಧುಗಂಗೆಗೆ ಹೊರಟುಹೋದರು. ತಂದೆತಾಯಿಗಳು ಹುಡುಕಿ ಹಿಂದಕ್ಕೆ ಕರೆತಂದರು. ಆ ತಂದೆ ಮಗನನ್ನು ಸಂಸಾರಕ್ಕೆ ಕಟ್ಟಿಹಾಕಲು ಹಟ ಹಿಡಿಯಲಿಲ್ಲ, ಏಕಾಂತಸಾಧನೆಗೆ ಅನುಕೂಲ ಮಾಡಿಕೊಟ್ಟರು. ಮುಂದೆ ಈಶಬರದ ಗುಪ್ತಗಂಗೆಯ ಪ್ರದೇಶವೇ ಅವರಿಗೆ ಶಾಶ್ವತ ನೆಲೆಯಾಯಿತು. ಕಡೆಯವರೆಗೂ ಬ್ರಹ್ಮಚಾರಿಗಳಾಗಿಯೇ ಉಳಿದರು. ಭಾವಚಿತ್ರಗಳಲ್ಲಿ ಕಾವಿಯಿಲ್ಲ, ಕಾಶ್ಮೀರದ ಸಾಮಾನ್ಯ ಜನರು ತೊಡುವ ಫೆರನ್ ಎಂಬ ನೀಳ ನಿಲುವಂಗಿ ಕಾಣುತ್ತದೆ.

ಗ್ರಂಥಕೃಷಿಯು ಬೇಗನೆ ಆರಂಭವಾಯಿತು. ಅಭಿನವಗುಪ್ತರ ‘ಗೀತಾರ್ಥಸಂಗ್ರಹ’ವನ್ನು ಅವರು ಪರಿಷ್ಕರಿಸಿ ಶ್ರೀನಗರದಲ್ಲಿ 1933ರಲ್ಲಿ ಅಚ್ಚುಮಾಡಿಸಿದಾಗ ಅವರಿಗೆ 26 ವಯಸ್ಸು. ಉತ್ಪಲದೇವರ ‘ಶಿವಸ್ತೋತ್ರಾವಳಿ’ಗೆ ಅವರು ಬರೆದ ಹಿಂದೀ ವ್ಯಾಖ್ಯೆಯು ಕ್ಷೇಮರಾಜರ ಸಂಸ್ಕೃತಟೀಕೆಯೊಡನೆ ವಾರಾಣಸಿಯ ಚೌಖಂಬಾ ಸಂಸ್ಥೆಯಿಂದ 1964ರಲ್ಲಿ ಪ್ರಕಟವಾಯಿತು. 1965ರಲ್ಲಿ ವಾರಾಣಸಿಯಲ್ಲಿ ಮಹಾಮಹೋಪಾಧ್ಯಾಯ ಗೋಪೀನಾಥ ಕವಿರಾಜರ ನೇತೃತ್ವದಲ್ಲಿ ನಡೆದ ಸಮ್ಮೇಳನದಲ್ಲಿ ‘ಕುಂಡಲಿನೀವಿಜ್ಞಾನರಹಸ್ಯ’ವೆಂಬ ಸಂಸ್ಕೃತಪ್ರಬಂಧವನ್ನು ಓದಿದರು. ಆದರೆ ಅವರ ಹೆಸರಿನಲ್ಲಿ ಇಂದು ದೊರೆಯುವ ಪುಸ್ತಕಗಳಲ್ಲಿ ಬಹುಪಾಲು ಅವರು ಕುಳಿತು ಬರೆದವುಗಳಲ್ಲ, ಹೇಳಿದವುಗಳು. ಗ್ರಂಥಕರ್ತೃವೆಂಬುದಕ್ಕಿಂತ ಪಾಠಕರ್ತೃವೆಂಬ ಮಾತೇ ಅವರಿಗೆ ಹೆಚ್ಚು ಒಪ್ಪುತ್ತದೆ.

ಪಾಠದ ಕ್ರಮವನ್ನು ಒಂದು ಉದಾಹರಣೆಯಿಂದ ಹೇಳಬೇಕು. ‘ವಿಜ್ಞಾನಭೈರವ’ವೆಂಬುದು ಸುಮಾರು 160 ಶ್ಲೋಕಗಳ ಚಿಕ್ಕ ತಂತ್ರ. ದೇವಿಯು ಕೇಳಿದ ಪ್ರಶ್ನೆಗೆ ಭೈರವನು 112 ಧಾರಣೆಗಳನ್ನು ಉಪದೇಶಿಸುತ್ತಾನೆ. ಕ್ಷೇಮರಾಜರ ಟೀಕೆಯು ಮೊದಲ 23 ಶ್ಲೋಕಗಳಿಗೆ ಮಾತ್ರ ಉಳಿದುಬಂದಿದ್ದು, ಮುಂದಿನದಕ್ಕೆ 18ನೆಯ ಶತಮಾನದ ಶಿವೋಪಾಧ್ಯಾಯರು ಟೀಕೆ ಬರೆದರು. ಇದರ ಮೊದಲ ಧಾರಣೆಯು ಉಸಿರಿಗೆ ಸಂಬಂಧಿಸಿದುದು. ಉಸಿರು ಹೊರಗೆ ಹೋಗಿ ಹಿಂತಿರುಗುವ ಮೊದಲು ಒಂದು ಕ್ಷಣದ ನಿಲುಗಡೆಯುಂಟು. ಒಳಗೆ ಬಂದು ಮತ್ತೆ ಹೊರಡುವ ಮೊದಲು ಇನ್ನೊಂದು. ಹೊರಗಿನದು ದ್ವಾದಶಾಂತ, ಒಳಗಿನದು ಹೃದಯ. ಆ ಎರಡು ಸಂಧಿಗಳಲ್ಲಿ ಅರಿವು ಜಾರದಂತೆ ನಿಲ್ಲುವುದೇ ಧಾರಣೆ. ಓದಿದರೆ ಇಷ್ಟೇ. ಆದರೆ ಸಾಧಕನಿಗೆ ಇಲ್ಲಿಂದಲೇ ಪ್ರಶ್ನೆಗಳು ಹುಟ್ಟುತ್ತವೆ. ಉಸಿರನ್ನು ಬಲವಂತವಾಗಿ ತಡೆಯಬೇಕೇ, ತಾನಾಗಿ ನಿಂತುದನ್ನು ಕಾಣಬೇಕೇ? ಮಂತ್ರವನ್ನು ಸೇರಿಸಬೇಕೇ? ನಿದ್ರೆ ಬಂದರೆ? ಲಕ್ಷ್ಮಣಜೂ ಅವರು ಈ ಸಂಧಿಯ ವಿಚಾರವನ್ನೇ ತಮ್ಮ ಬೋಧನೆಯ ನಡುಗಂಬವಾಗಿಸಿಕೊಂಡರು. ಪ್ರತಿಯೊಂದು ಉಸಿರಿನಲ್ಲಿಯೂ ಅರಿವು ಹೊಸದಾಗಿರಬೇಕು, ಅಭ್ಯಾಸವು ಯಾಂತ್ರಿಕವಾದೊಡನೆ ಅದು ಅಭ್ಯಾಸವಲ್ಲ ಎಂಬುದು ಅವರು ಮತ್ತೆ ಮತ್ತೆ ಹೇಳಿದ ವಿಷಯ. ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ, ಎಚ್ಚರಕ್ಕೂ ನಿದ್ರೆಗೂ ನಡುವೆ ಇರುವ ಸಂಧಿಗಳಿಗೂ ಇದೇ ನ್ಯಾಯವನ್ನು ವಿಸ್ತರಿಸಿದರು. ಈ ಸಾಧನೆಯೊಂದಿಗೆ ಯಮನಿಯಮಗಳನ್ನು, ಅದರಲ್ಲಿಯೂ ಅಹಿಂಸೆಯನ್ನು, ಕಟ್ಟುನಿಟ್ಟಾಗಿ ವಿಧಿಸಿದರು. ಕಾಶ್ಮೀರದ ಪಂಡಿತರಲ್ಲಿ ಮಾಂಸಾಹಾರವು ರೂಢಿಯಲ್ಲಿರುವುದು ಎಲ್ಲರಿಗೂ ತಿಳಿದ ಸಂಗತಿ. ಅವರ ನಡುವೆಯೇ ಕುಳಿತು ಮಾಂಸಾಹಾರವನ್ನು ನಿಷ್ಠುರವಾಗಿ ಖಂಡಿಸಿದರು.

ಇದೇ ಕಿರುಗ್ರಂಥವು ಇನ್ನೊಂದು ದಾರಿ ಹಿಡಿದು ಹೋದ ಕಥೆಯನ್ನೂ ಹೇಳಬೇಕು. ಅಮೆರಿಕದ ಪಾಲ್ ರೆಪ್ಸ್ ಎಂಬವರು ಈಶಬರಕ್ಕೆ ಬಂದು ಲಕ್ಷ್ಮಣಜೂ ಅವರಿಂದ ಈ 112 ಧಾರಣೆಗಳನ್ನು ಕೇಳಿ ತಿಳಿದರು. ಅವುಗಳನ್ನು ಸಂಕ್ಷಿಪ್ತವಾದ ಇಂಗ್ಲಿಷ್ ವಾಕ್ಯಗಳಲ್ಲಿಳಿಸಿ 1957ರಲ್ಲಿ ಒಂದು ಪುಸ್ತಕದ ಕೊನೆಯ ಭಾಗವಾಗಿ ಅಚ್ಚುಹಾಕಿಸಿದರು. ಆ ಪುಸ್ತಕವಾದರೋ ಜಪಾನಿನ ಝೆನ್ ಕಥೆಗಳದು! ಸಂಸ್ಕೃತಮೂಲವಿಲ್ಲ, ಟೀಕೆಯಿಲ್ಲ, ಯಮನಿಯಮದ ಸುಳಿವಿಲ್ಲ. 1972ರಿಂದ ಮುಂಬಯಿಯಲ್ಲಿ ರಜನೀಶರು ಈ ರೆಪ್ಸ್ ಪಾಠವನ್ನೇ ಆಧಾರವಾಗಿಟ್ಟುಕೊಂಡು ದೀರ್ಘ ಉಪನ್ಯಾಸಮಾಲೆಯನ್ನು ನಡೆಸಿದರು. ಅದು ಪುಸ್ತಕಗಳಾಗಿ ದೇಶವಿದೇಶಗಳಲ್ಲಿ ಹರಡಿತು. ಇಂದು ವಿಜ್ಞಾನಭೈರವದ ಹೆಸರನ್ನು ಕೇಳಿದ ಅನೇಕರು ಅದನ್ನು ಕೇಳಿದುದು ಆ ದಾರಿಯಿಂದಲೇ. ರಜನೀಶರ ಮಾತುಗಾರಿಕೆಯನ್ನು ಅಲ್ಲಗಳೆಯುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಆದರೆ ಅವರು ವ್ಯಾಖ್ಯಾನಿಸಿದುದು ತಂತ್ರವನ್ನಲ್ಲ, ತಂತ್ರದ ಒಂದು ಇಂಗ್ಲಿಷ್ ಸಾರಾಂಶವನ್ನು. ತಂತ್ರವೆಂದರೆ ಇಂದ್ರಿಯಗಳಿಗೆ ಕೊಟ್ಟ ರಹದಾರಿಯೆಂದು ಪಶ್ಚಿಮದಲ್ಲಿ ಹಬ್ಬಿದ ಭ್ರಾಂತಿಯ ಪಕ್ಕದಲ್ಲಿ ಈಶಬರದ ಬ್ರಹ್ಮಚಾರಿಯನ್ನು ನಿಲ್ಲಿಸಿ ನೋಡಿದರೆ ವ್ಯತ್ಯಾಸವು ಮಾತಿಲ್ಲದೆ ತಿಳಿಯುತ್ತದೆ. ತಂತ್ರಾಲೋಕದ 29ನೆಯ ಆಹ್ನಿಕದಲ್ಲಿ ಮದ್ಯಮಾಂಸಾದಿಗಳಿಂದ ಕೂಡಿದ ಕುಲಯಾಗದ ವಿಧಿಯಿರುವುದು ನಿಜ. ಅದನ್ನು ಮರೆಮಾಚುವುದು ವಿದ್ವತ್ತಿನ ಲಕ್ಷಣವಲ್ಲ. ಅಂತಹ ಗ್ರಂಥವನ್ನೇ ಪರಮಪ್ರಮಾಣವೆಂದು ಬಗೆದ ಗುರುವೊಬ್ಬರು ಶಿಷ್ಯರ ತಟ್ಟೆಯಿಂದ ಮಾಂಸವನ್ನು ತೆಗೆಯಿಸಿದರೆಂಬುದೂ ಅಷ್ಟೇ ನಿಜ. ಗ್ರಂಥದ ಅಕ್ಷರವೇ ಸಂಪ್ರದಾಯವಲ್ಲ. ಅದನ್ನು ಯಾರಿಗೆ, ಯಾವಾಗ, ಎಷ್ಟು ಎಂದು ಅಳೆದು ಕೊಡುವ ಗುರುವಿನ ವಿವೇಕವೂ ಸಂಪ್ರದಾಯವೇ.

ಆ ವಿವೇಕವನ್ನರಸಿ ಬಂದವರಲ್ಲಿ ವಿದ್ವಾಂಸರೂ ಬಹುಮಂದಿ. ಫ್ರಾನ್ಸಿನ ಲಿಲಿಯನ್ ಸಿಲ್ಬರ್ನ್ ಅವರು ಇಲ್ಲಿ ಓದಿ 1961ರಲ್ಲಿ ವಿಜ್ಞಾನಭೈರವವನ್ನು ಫ್ರೆಂಚ್ ಭಾಷೆಗೆ ತಂದರು. ಆಂದ್ರೆ ಪಾದೂ ಅವರೂ ಇಲ್ಲಿಗೆ ಬಂದವರೇ. ಠಾಕುರ್ ಜಯದೇವ ಸಿಂಹರು ಸಂಗೀತಶಾಸ್ತ್ರದಲ್ಲಿ ಪ್ರಖ್ಯಾತರಾಗಿದ್ದ ಹಿರಿಯರು. ಅವರು ಬಿಳಿಗೂದಲಿನ ವಯಸ್ಸಿನಲ್ಲಿ ಲಕ್ಷ್ಮಣಜೂ ಅವರ ಮುಂದೆ ಕುಳಿತು ಶೈವಶಾಸ್ತ್ರವನ್ನು ಓದಿದರು. ಪ್ರತ್ಯಭಿಜ್ಞಾಹೃದಯ (1963), ಶಿವಸೂತ್ರ ಮತ್ತು ವಿಜ್ಞಾನಭೈರವ (1979), ಸ್ಪಂದಕಾರಿಕೆ (1980) ಇವುಗಳನ್ನು ಅವರು ಇಂಗ್ಲಿಷಿಗೆ ತಂದುದರಿಂದಲೇ ನಮ್ಮ ದೇಶದ ಸಾಮಾನ್ಯ ಜಿಜ್ಞಾಸುವಿಗೆ ಈ ಗ್ರಂಥಗಳು ಸಿಕ್ಕುವಂತಾದವು. ಪಂಡಿತ ರಾಮೇಶ್ವರ ಝಾ ಅವರು ನ್ಯಾಯಾದಿ ಶಾಸ್ತ್ರಗಳಲ್ಲಿ ಪಳಗಿದವರಾಗಿದ್ದೂ ಇಲ್ಲಿ ತಲೆಬಾಗಿ ‘ಗುರುಸ್ತುತಿ’ಯನ್ನು ರಚಿಸಿದರು. ಆಂಗ್ಲ ತರುಣ ಅಲೆಕ್ಸಿಸ್ ಸ್ಯಾಂಡರ್ಸನ್ 1970ರ ದಶಕದಲ್ಲಿ ಹಲವು ವರ್ಷ ಇಲ್ಲಿ ಅಧ್ಯಯನ ಮಾಡಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿ ಶೈವಾಗಮಗಳ ಇತಿಹಾಸವನ್ನೇ ಹೊಸದಾಗಿ ಬರೆದರು. ಸ್ಯಾಂಡರ್ಸನ್ನರ ಸಂಶೋಧನೆಯು ಅನೇಕ ಕಡೆ ಸಂಪ್ರದಾಯದ ನಂಬಿಕೆಗಿಂತ ಬೇರೆಯೇ ಮಾತನ್ನು ಹೇಳುತ್ತದೆ. ಆದರೂ ಆ ಸಂಶೋಧನೆಗೆ ಬೇಕಾದ ಗ್ರಂಥಪರಿಚಯವು ದೊರೆತುದು ಸಂಪ್ರದಾಯದ ಪಾಠದಲ್ಲಿಯೇ. ವಿಶ್ವವಿದ್ಯಾನಿಲಯಕ್ಕೂ ಗುರುಕುಲಕ್ಕೂ ವಿರೋಧವೆಂದು ಭಾವಿಸುವವರು ಈ ನಿದರ್ಶನವನ್ನು ಗಮನಿಸಬೇಕು. ಅಚ್ಚಾದ ಪಾಠದಲ್ಲಿ ತಪ್ಪಿದ್ದ ಕಡೆ ಲಕ್ಷ್ಮಣಜೂ ಅವರು ಸರಿಯಾದ ಪಾಠವನ್ನು ಸೂಚಿಸಿ ಮುಂದುವರಿಯುತ್ತಿದ್ದರು. ಆ ತಿದ್ದುಪಡಿಗಳನ್ನು ಅವರ ಉಪನ್ಯಾಸಗಳ ಮುದ್ರಿತ ಆವೃತ್ತಿಗಳಲ್ಲಿ ಇಂದಿಗೂ ನೋಡಬಹುದು.

ಬಂದವರೆಲ್ಲರೂ ವಿದ್ವಾಂಸರಾಗಿರಲಿಲ್ಲ. ಭಾನುವಾರಗಳಂದು ಶ್ರೀನಗರದ ಗೃಹಸ್ಥರು ಹೆಂಗಸರು ಮಕ್ಕಳೊಡನೆ ಬಂದು ಸೇರುತ್ತಿದ್ದರು. ಅವರಿಗೆ ಕಾಶ್ಮೀರಿಯಲ್ಲಿ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಪಾಠ. ಶಾರಿಕಾದೇವಿ, ಪ್ರಭಾದೇವಿ ಎಂಬ ಸೋದರಿಯರು ಅವರ ಮುಖ್ಯ ಶಿಷ್ಯೆಯರಾಗಿದ್ದರು. ಈ ಮಾರ್ಗಕ್ಕೆ ಜಾತಿಯಿಂದಾಗಲಿ ಲಿಂಗಭೇದದಿಂದಾಗಲಿ ತಡೆಯಿಲ್ಲವೆಂಬುದನ್ನು ಅವರು ತಮ್ಮ ಉಪನ್ಯಾಸದಲ್ಲಿ ಸ್ಪಷ್ಟವಾಗಿ ಸಾರಿದ್ದಾರೆ. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಇದು ಹೊಸ ಮಾತಲ್ಲ, ಆದರೆ ಹಿಮಾಲಯದ ತಪ್ಪಲಿನಿಂದ ಕೇಳಿಬಂದಾಗ ಮನಸ್ಸಿಗೆ ಹಿತವಾಗುತ್ತದೆ.

1970ರ ದಶಕದ ಆರಂಭದಲ್ಲಿ ಅಮೆರಿಕದಿಂದ ಬಂದ ಜಾನ್ ಹ್ಯೂಸ್ ದಂಪತಿಗಳು ಈ ಪಾಠಗಳನ್ನು ಧ್ವನಿಮುದ್ರಿಸಿಕೊಳ್ಳತೊಡಗಿದರು. ನೂರಾರು ಗಂಟೆಗಳ ಧ್ವನಿಸುರುಳಿಗಳು ಹೀಗೆ ಸಂಗ್ರಹವಾದವು. ಅದರಿಂದ ಮೊದಲು ರೂಪುಗೊಂಡ ದೊಡ್ಡ ಫಲವೆಂದರೆ 1985ರಲ್ಲಿ ಪ್ರಕಟವಾದ ‘ಕಾಶ್ಮೀರ್ ಶೈವಿಸಂ: ದಿ ಸೀಕ್ರೆಟ್ ಸುಪ್ರೀಮ್’. 36 ತತ್ತ್ವಗಳು, ಷಡಧ್ವ, ಮಾತೃಕಾಚಕ್ರ, ಆಣವ ಶಾಕ್ತ ಶಾಂಭವ ಉಪಾಯಗಳು, ಮೂರು ಮಲಗಳು, ಏಳು ಪ್ರಮಾತೃಗಳು, ಶಕ್ತಿಪಾತದ ತರತಮಗಳು, ಕುಂಡಲಿನಿ, ಹೀಗೆ ತಂತ್ರಾಲೋಕದ ತಿರುಳನ್ನು ಸರಳವಾದ ಆಡುಮಾತಿನ ಇಂಗ್ಲಿಷಿನಲ್ಲಿ ಹಿಡಿದುಕೊಟ್ಟ ಪುಸ್ತಕವಿದು. ನಮ್ಮ ಮಠದ ಪಾಠಶಾಲೆಯಲ್ಲಿ ಓದಿದವರು ಇದನ್ನು ತೆರೆದರೆ ಪುಟಪುಟದಲ್ಲಿಯೂ ಪರಿಚಿತ ಪದಗಳು ಎದುರಾಗುತ್ತವೆ. ಆಣವ, ಮಾಯಿಕ, ಕಾರ್ಮಿಕ ಮಲಗಳು ವೇಧಾ, ಮಂತ್ರ, ಕ್ರಿಯಾದೀಕ್ಷೆಗಳಿಂದ ನಿವೃತ್ತಿಯಾಗುತ್ತವೆಂದು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರಲ್ಲವೇ? ಆದರೆ ಪದಗಳು ಒಂದಾದ ಮಾತ್ರಕ್ಕೆ ಸಿದ್ಧಾಂತವೂ ಒಂದೇ ಎಂದು ಅವಸರದಿಂದ ನಿಶ್ಚಯಿಸಬಾರದು. ಮಲವೆಂಬುದು ಚೈತನ್ಯದ ಸಂಕೋಚವೇ ಹೊರತು ಬೇರೊಂದು ದ್ರವ್ಯವಲ್ಲ ಎಂಬುದು ಕಾಶ್ಮೀರದವರ ಮತ. ಅರಿವಿನ ವಿಕಾಸವೇ ಅಲ್ಲಿ ಪ್ರಧಾನ. ನಮ್ಮಲ್ಲಿ ಗುರುವು ಕರಸ್ಥಲಕ್ಕೆ ಕೊಟ್ಟ ಇಷ್ಟಲಿಂಗವುಂಟು, ನಿತ್ಯದ ಅರ್ಚನೆಯುಂಟು, ದೀಕ್ಷಾಕರ್ಮವು ಇಂದಿಗೂ ಮನೆಮನೆಯಲ್ಲಿ ನಡೆಯುತ್ತಿದೆ. ಲಕ್ಷ್ಮಣಜೂ ಅವರಿಗೆ ದೊರೆತ ಪರಂಪರೆಯಲ್ಲಿ ಕ್ರಿಯೆಯ ಭಾಗವು ಆಗಲೇ ಕಳಚಿಬಿದ್ದಿತ್ತು. ಉಳಿದ ಜ್ಞಾನಯೋಗಗಳನ್ನು ಅವರು ಪೂರ್ಣವಾಗಿ ಉಳಿಸಿದರು. ಕಳಚಿದುದನ್ನು ಮರಳಿ ಕಟ್ಟಲು ಹೊರಡಲಿಲ್ಲ. ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ಕೈಯಲ್ಲಿದ್ದುದನ್ನು ಕೆಡದಂತೆ ದಾಟಿಸಿದವರಿಗೆ, ಕೈಗೆ ಬಾರದುದನ್ನು ಏಕೆ ಕೊಡಲಿಲ್ಲವೆಂದು ಕೇಳುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಮಠವಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಮ್ಮವರು ಹೇಳಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಕಟ್ಟಡ, ದಾಸೋಹ, ಪಾಠಶಾಲೆ, ಉತ್ತರಾಧಿಕಾರ ಇವು ವಿದ್ಯೆಗೆ ಬೇಲಿಯಿದ್ದಂತೆ. ಆದರೆ ಬೇಲಿ ಭದ್ರವಾಗಿದ್ದೂ ಹೊಲ ಬೀಳುಬಿದ್ದ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇಲ್ಲದಿಲ್ಲ. ತಾಡವೋಲೆಗಳ ಕಟ್ಟನ್ನು ವರ್ಷಕ್ಕೊಮ್ಮೆ ಪೂಜೆಗೆ ಇಳಿಸಿ ಮತ್ತೆ ಮೇಲಿಡುವ ಮಠಗಳನ್ನು ನಾವು ಕಂಡಿದ್ದೇವೆ; ಅದನ್ನು ಬಿಚ್ಚಿ ಓದಬಲ್ಲವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಈಶಬರದಲ್ಲಿ ಬೇಲಿಯಿರಲಿಲ್ಲ, ಬೆಳೆಯಿತ್ತು.

ಬೇಲಿಯಿಲ್ಲದ ಹೊಲಕ್ಕೆ ಬರುವ ವಿಪತ್ತು ಕೊನೆಗೆ ಬಂದಿತು. 1990ರ ಹಿಂಸಾಚಾರದಲ್ಲಿ ಕಾಶ್ಮೀರದ ಪಂಡಿತ ಸಮುದಾಯವು ಕಣಿವೆಯನ್ನು ಬಿಟ್ಟು ಜಮ್ಮು, ದೆಹಲಿ ಮೊದಲಾದೆಡೆ ಚದುರಿಹೋಯಿತು. ಭಾನುವಾರ ಬರುತ್ತಿದ್ದ ಮನೆತನಗಳೇ ಇಲ್ಲವಾದವು. 84ರ ವಯಸ್ಸಿನಲ್ಲಿ, 1991ರ ಸೆಪ್ಟೆಂಬರ್ 27ರಂದು, ಲಕ್ಷ್ಮಣಜೂ ಅವರು ಶಿವಸಾಯುಜ್ಯವನ್ನು ಹೊಂದಿದರು. ಮಠಗಳಲ್ಲಿರುವಂತಹ ಪಟ್ಟಾಧಿಕಾರದ ಪದ್ಧತಿ ಅಲ್ಲಿರಲಿಲ್ಲ. ಈಶ್ವರ ಆಶ್ರಮ ಟ್ರಸ್ಟ್ ಶ್ರೀನಗರದ ಆಶ್ರಮವನ್ನು ನೋಡಿಕೊಳ್ಳುತ್ತ ಜಮ್ಮು, ದೆಹಲಿಗಳಲ್ಲಿಯೂ ಕೇಂದ್ರಗಳನ್ನು ಸ್ಥಾಪಿಸಿತು. ಧ್ವನಿಸುರುಳಿಗಳು ಜಾನ್ ಹ್ಯೂಸರ ಸಂಪಾದಕತ್ವದಲ್ಲಿ ಒಂದೊಂದಾಗಿ ಪುಸ್ತಕರೂಪಕ್ಕೆ ಬಂದವು: 2002ರಲ್ಲಿ ಶಿವಸೂತ್ರ, 2007ರಲ್ಲಿ ವಿಜ್ಞಾನಭೈರವ, ಅನಂತರ ಇನ್ನೂ ಕೆಲವು. ಅದಕ್ಕೂ ಮೊದಲು 2002ರಲ್ಲಿಯೇ ವಾರಾಣಸಿಯಿಂದಲೂ ವಿಜ್ಞಾನಭೈರವದ ಮೇಲಿನ ಅವರ ವ್ಯಾಖ್ಯಾನವು ಹೊರಬಂದಿತ್ತು. ರೆಪ್ಸ್ ಅವರ ಕಿರುವಾಕ್ಯಗಳು ಲೋಕವನ್ನು ಸುತ್ತಿದ 45 ವರ್ಷಗಳ ಬಳಿಕ ಅವುಗಳನ್ನು ಹೇಳಿಕೊಟ್ಟವರ ವಿವರಣೆಯು ಅಚ್ಚಾಯಿತು. ಅದರಲ್ಲಿ ಪ್ರತಿ ಶ್ಲೋಕದ ಕೆಳಗೂ ಇದು ಆಣವೋಪಾಯ, ಇದು ಶಾಕ್ತೋಪಾಯ, ಇದು ಶಾಂಭವೋಪಾಯ ಎಂದು, ಯಾವ ಅಧಿಕಾರಿಗೆ ಯಾವುದು ಸಲ್ಲುವುದೆಂದು ತಿಳಿಯುವಂತೆ ವಿಂಗಡಿಸಿ ಹೇಳಿದೆ.